ಅಷ್ಟು ಪ್ರಾರ್ಥಿಸಿದರೂ ಅಮ್ಮ ಉಳಿಯಲಿಲ್ಲ. ಇನ್ನು ದೇವರನ್ನು ನಂಬುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಿನ್ನೆ ರಾತ್ರಿ ಓದಿದೆ. 2021ರಲ್ಲಿ, ಕೊರೊನಾ ಎರಡನೇ ಅಲೆಯ ಹೊತ್ತಿಗೆ, ಇಡೀ ಚರ್ಚ್ ಸಭೆ ಉಪವಾಸವಿದ್ದು ಪ್ರಾರ್ಥಿಸಿದರೂ ಅಮ್ಮ ಹೋಗಿಬಿಟ್ಟರು ಎಂದು ಬರೆದಿದ್ದೀರಿ. ಆಮೇಲೆ ಮನೆಗೆ ಬಂದವರೊಬ್ಬರು "ನಿಮ್ಮ ನಂಬಿಕೆ ಸಾಲಲಿಲ್ಲ" ಎಂದರಂತೆ. ಈಗ ಪ್ರಾರ್ಥನೆ ಬಾಯಿಗೆ ಬರುವುದಿಲ್ಲ, ಯಾತಕ್ಕೆ ಬದುಕಬೇಕು ಅನ್ನುವುದೂ ತಿಳಿಯುತ್ತಿಲ್ಲ ಎಂದಿದ್ದೀರಿ.

ಮೊದಲು ಆ ಮಾತಿನ ಬಗ್ಗೆ ಹೇಳುತ್ತೇನೆ. ಅದು ತಪ್ಪು. ನಿಮ್ಮ ಸಮಾಧಾನಕ್ಕೆ ಸುಮ್ನೆ ಹೇಳುತ್ತಿಲ್ಲ. ಯೇಸುವಿನ ಕಾಲದಲ್ಲಿ ಯೆರೂಸಲೇಮಿನ ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದರು. ಅವರು ಬೇರೆಯವರಿಗಿಂತ ಜಾಸ್ತಿ ಪಾಪ ಮಾಡಿದ್ದರು ಎಂದುಕೊಂಡಿರಾ ಎಂದು ಯೇಸುಸ್ವಾಮಿಯೇ ಕೇಳಿ, ಅಲ್ಲ ಎಂದು ತಾವೇ ಉತ್ತರ ಕೊಟ್ಟರು. ಅಪೊಸ್ತಲನಾದ ಪೌಲ ತನ್ನ ಮೈಯಲ್ಲಿದ್ದ ಶೂಲ ಹೋಗಲಿ ಎಂದು ಮೂರು ಸಲ ಬೇಡಿಕೊಂಡ. ಅದು ಹೋಗಲಿಲ್ಲ. ಪೌಲನ ನಂಬಿಕೆ ಸಾಲದಾಯಿತು ಎಂದು ಯಾರಾದರೂ ಹೇಳುತ್ತಾರಾ? ಗೆತ್ಸೇಮನೆ ತೋಟದಲ್ಲಿ, ಈ ಸಂಕಟದ ಪಾತ್ರೆ ತನ್ನಿಂದ ದೂರವಾಗಲಿ ಎಂದು ಬೇಡಿದವರು ಸ್ವತಃ ಯೇಸು. ಅವರೂ ಮರುದಿನ ಶಿಲುಬೆಗೆ ಹೋಗಲೇಬೇಕಾಯಿತು.

ಇದೆಲ್ಲ ನನಗೂ ಆಗ ಹೊಳೆದಿರಲಿಲ್ಲ. ನಾನು ಮಂಗಳೂರಿನವಳು. ಬಾಸೆಲ್ ಮಿಶನ್ ಕಾಲದಿಂದಲೂ ಸಭೆಯಲ್ಲಿರುವ ಮನೆ ನಮ್ಮದು. 2009ರಲ್ಲಿ ನನ್ನ ತಮ್ಮ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡ. ಅವನಿಗೆ 19 ವರ್ಷ. ಸಮಾಧಾನ ಹೇಳಲು ಬಂದವರೆಲ್ಲ ಒಂದೊಂದು ಕಾರಣ ಕೊಟ್ಟರು. ದೇವರ ತೋಟಕ್ಕೆ ಒಳ್ಳೆಯ ಹೂವೇ ಬೇಕಲ್ಲ ಎಂದವರೂ ಇದ್ದರು. ಅಮ್ಮ ಎಲ್ಲರಿಗೂ ತಲೆಯಾಡಿಸುತ್ತಿದ್ದಳು. ರಾತ್ರಿ ಅಡುಗೆಮನೆಯಲ್ಲಿ ಒಬ್ಬಳೇ ಅಳುತ್ತಿದ್ದಳು.

ನಮ್ಮ ಸಭೆಯವರಲ್ಲಿ ಬೀಡಿ ಕಟ್ಟುವ ಅಜ್ಜಿ ಒಬ್ಬರಿದ್ದರು. ಅವರು ಮಾತ್ರ ಯಾವ ಕಾರಣವನ್ನೂ ಹೇಳಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಎಲೆ, ಹೊಗೆಸೊಪ್ಪು ತುಂಬಿದ ತಡ್ಪೆ ಹಿಡಿದುಕೊಂಡು ಬಂದು ಜಗಲಿಯಲ್ಲಿ ಅಮ್ಮನ ಪಕ್ಕ ಕೂರುತ್ತಿದ್ದರು. (ಮೊರಕ್ಕೆ ನಮ್ಮ ಕಡೆ ತಡ್ಪೆ ಅನ್ನುತ್ತಾರೆ.) ಅವರ ಕೈ ಬೀಡಿ ಸುತ್ತುತ್ತಲೇ ಇರುತ್ತಿತ್ತು. ಅಮ್ಮ ಅತ್ತರೆ ಕೈ ನಿಲ್ಲಿಸುತ್ತಿದ್ದರು, ಅಷ್ಟೇ. ಮಳೆಗಾಲ ಮುಗಿಯುವವರೆಗೂ ಹೀಗೆ ಬಂದರು. ಅಮ್ಮ ಮತ್ತೆ ಹೊಟ್ಟೆತುಂಬ ಉಣ್ಣತೊಡಗಿದ್ದು ಆ ದಿನಗಳಲ್ಲಿ.

ಸತ್ಯವೇದದ (ಬೈಬಲಿನ) ಯೋಬನ ಪುಸ್ತಕ ನನಗೆ ಅರ್ಥವಾಗತೊಡಗಿದ್ದು ಆ ಅಜ್ಜಿಯನ್ನು ನೋಡಿದ ಮೇಲೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬನ ಮೂವರು ಸ್ನೇಹಿತರು ಬಂದ ಹೊಸತರಲ್ಲಿ ಏಳು ಹಗಲು, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಬಾಯಿ ತೆರೆದು ಕಾರಣ ಹೇಳಲು ಶುರುಮಾಡಿದಾಗಲೇ ಕೆಟ್ಟಿದ್ದು. ನೀನೇನೋ ಪಾಪ ಮಾಡಿರಬೇಕು ಎಂದರು. ಯೋಬ ದೇವರ ಮೇಲೆ ಸಿಟ್ಟಾದ, ವಾದ ಮಾಡಿದ, ತಾನು ಹುಟ್ಟಿದ ದಿನಕ್ಕೇ ಶಾಪ ಹಾಕಿದ. ಕೊನೆಯ ಅಧ್ಯಾಯದಲ್ಲಿ ದೇವರು ಯಾರ ಮೇಲೆ ಕೋಪಗೊಂಡರು ನೋಡಿ. ದೇವರ ಪರವಾಗಿ ಅಚ್ಚುಕಟ್ಟಾಗಿ ಮಾತಾಡಿದ ಎಲೀಫಜ ಎಂಬ ಸ್ನೇಹಿತ ಮತ್ತು ಅವನ ಜೊತೆಯವರ ಮೇಲೆ. ನನ್ನ ಸೇವಕನಾದ ಯೋಬನಂತೆ ನೀವು ಸರಿಯಾಗಿ ಮಾತಾಡಲಿಲ್ಲ ಎಂದರು. ಆದರೆ ಯೋಬನಿಗೂ ತನಗೆ ಹೀಗೇಕಾಯಿತು ಅನ್ನುವ ಕಾರಣ ಸಿಗಲಿಲ್ಲ. ದೇವರು ಬಂದು ಅವನ ಜೊತೆ ಮಾತಾಡಿದರು, ಅದು ಸಿಕ್ಕಿತು.

ಹಾಗಾಗಿ ನಿಮ್ಮ ಸಿಟ್ಟನ್ನು ನಂಬಿಕೆ ಕಳೆದುಹೋದ ಲಕ್ಷಣ ಎಂದು ನಾನು ಒಪ್ಪುವುದಿಲ್ಲ. ದೇವರು ಇಲ್ಲವೇ ಇಲ್ಲ ಎಂದುಕೊಂಡವರು ದೇವರ ಜೊತೆ ಜಗಳಕ್ಕೆ ಹೋಗುತ್ತಾರಾ?

ನಿಮಗೂ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ, 28ನೇ ವಚನವನ್ನು ಯಾರಾದರೂ ಕಳಿಸಿರುತ್ತಾರೆ, ಅಲ್ವಾ? ಎಲ್ಲವೂ ಒಳ್ಳೆಯದಕ್ಕೇ ಅನುಕೂಲವಾಗುತ್ತದೆ ಎನ್ನುವುದು. ನನಗೂ ಬಂದಿತ್ತು. ಆ ವಚನ ನಿಜ. ಆದರೆ ಅದಕ್ಕಿಂತ ಆರು ವಚನ ಮೇಲೆ, ಸೃಷ್ಟಿಯೆಲ್ಲ ಹೆರಿಗೆಯ ನೋವಿನಲ್ಲಿ ನರಳುತ್ತಿದೆ ಎಂದು ಅದೇ ಪೌಲ ಬರೆದಿದ್ದಾನೆ. ನಮಗೆ ಪ್ರಾರ್ಥಿಸಲು ತಿಳಿಯದಿದ್ದಾಗ ಪವಿತ್ರಾತ್ಮನು ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆ ಎಂದೂ ಬರೆದಿದ್ದಾನೆ. ಆ ನರಳಾಟವನ್ನು ದಾಟಿಸಿ ನೇರ 28ಕ್ಕೆ ಹಾರಿಸುವುದು ದುಃಖದಲ್ಲಿರುವವರಿಗೆ ಮಾಡುವ ಅನ್ಯಾಯ.

ಇನ್ನು, ಯಾತಕ್ಕೆ ಬದುಕಬೇಕು ಎಂದು ಕೇಳಿದ್ದೀರಿ. ಆಸ್ಟ್ರೇಲಿಯಾದಿಂದ ಬಂದ ಮಿಶನರಿ ಗ್ಲಾಡಿಸ್ ಸ್ಟೇನ್ಸ್ ಅವರ ವಿಷಯ ನೆನಪಾಗುತ್ತದೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಅವರ ಗಂಡ ಗ್ರಹಾಂ ಮತ್ತು ಇಬ್ಬರು ಚಿಕ್ಕ ಗಂಡುಮಕ್ಕಳು ವಾಹನದಲ್ಲಿ ಮಲಗಿದ್ದಾಗ ಗುಂಪೊಂದು ಬೆಂಕಿ ಹಚ್ಚಿ ಕೊಂದಿತು. ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದೆ ಎಂದರು. ಮಗಳ ಜೊತೆ 2004ರವರೆಗೆ ತಾವಿದ್ದ ಒಡಿಶಾದ ಬಾರಿಪದಾದಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಅವರ ಹಾಗೆ ಆಗಿ ಎಂದು ಹೇಳುವುದಕ್ಕಲ್ಲ ಇದು. ಅಂಥ ದೊಡ್ಡ ಅಳತೆಗೋಲು ಇಟ್ಟುಕೊಂಡರೆ ನಾವು ಕುಗ್ಗಿಹೋಗುತ್ತೇವೆ. ನನ್ನ ಗಮನ ಹೋಗುವುದು ಬೇರೆ ಕಡೆ. ಆ ದುಃಖದಲ್ಲಿ ಅವರು ಹೊಸ ಗುರಿಯನ್ನು ಹುಡುಕಿಕೊಂಡು ಹೋಗಲಿಲ್ಲ. ಹಿಂದಿನ ದಿನದವರೆಗೂ ಯಾರ ಗಾಯ ಕಟ್ಟುತ್ತಿದ್ದರೋ ಅವರು ಅಲ್ಲೇ ಇದ್ದರು, ಅವರ ಬಳಿಗೇ ಹೋದರು.

ನನ್ನದು ತೀರಾ ಸಣ್ಣದು. ತಿಂಗಳಿಗೆರಡು ಶನಿವಾರ ಆಸ್ಪತ್ರೆಯ ಕ್ಯಾನ್ಸರ್ ವಾರ್ಡಿಗೆ ಗಂಜಿ, ಚಟ್ನಿ ತೆಗೆದುಕೊಂಡು ಹೋಗುತ್ತೇನೆ. ರೋಗಿಗಳ ಜೊತೆಗಿರುವವರಿಗೆ ಅದು. ಅವರು ಊಟ ಬಿಟ್ಟಿರುತ್ತಾರೆ ಅನ್ನುವುದು ತಮ್ಮನ ಕಾಲದಲ್ಲಿ ನನಗೆ ಗೊತ್ತಾಗಿತ್ತು. ಅದಕ್ಕಾಗಿಯೇ ತಮ್ಮ ಸತ್ತ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಅವನು ಬದುಕಿರಬೇಕಿತ್ತು. ಇವತ್ತಿಗೂ ಹಾಗೇ ಅನ್ನಿಸುತ್ತದೆ.

ಪ್ರಾರ್ಥನೆ ಬಾರದಿದ್ದರೆ 88ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಸ್ತೋತ್ರಕ್ಕೆ ತಿರುಗುವುದಿಲ್ಲ. ಅದನ್ನೂ ಸತ್ಯವೇದದೊಳಗೇ ಇಟ್ಟಿದ್ದಾರೆ. ನಿಮ್ಮನ್ನು ನೋಯಿಸಿದ ಮನುಷ್ಯರಿಂದ ದೂರವಿರಿ, ತಪ್ಪೇನಿಲ್ಲ. ಆದರೆ ಸಾಧ್ಯವಾದರೆ ಭಾನುವಾರ ಆರಾಧನೆಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತುಕೊಳ್ಳಿ. ಹಾಡಲು ಆಗದಿದ್ದರೆ ಬೇರೆಯವರು ಹಾಡುತ್ತಾರೆ. ನಾನು ಎರಡು ವರ್ಷ ಹಾಗೆಯೇ ಕೂತಿದ್ದೆ.