ತೆನೆಯೇ ಕಿರೀಟ

ಪ್ರಶ್ನೆ: ಅಬ್ದಾಲಿ, ದುರಾನಿ ಎರಡೂ ಒಂದೇನಾ? ಅವರ ಪಟ್ಟ ಕೈತಪ್ಪಿದ್ದು ಹೇಗೆ?

ಉತ್ತರ: ಒಂದೇ, ಅಫ್ಘಾನಿಸ್ತಾನದ ಪಠಾಣ ಬುಡಕಟ್ಟು. 1747ರಲ್ಲಿ ಇರಾನಿನ ದೊರೆ ನಾದಿರ್ ಶಾ ಕೊಲೆಯಾದ ಮೇಲೆ ಮುಖಂಡರು ಕಂದಹಾರದಲ್ಲಿ ಸೇರಿ ಸದೋಜೈ ಮನೆತನದ ಅಹ್ಮದ್ ಶಾನನ್ನು ಆರಿಸಿದರು. ಇಪ್ಪತ್ತೈದರ ಆಸುಪಾಸಿನ ಹುಡುಗ. ಸಾಬಿರ್ ಶಾ ಎಂಬ ಫಕೀರ ಅವನ ಪೇಟಕ್ಕೆ ತೆನೆ ಸಿಕ್ಕಿಸಿ, ಇದೇ ಕಿರೀಟ ಅಂದನಂತೆ. ಈ ಕಥೆ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ. ‘ಮುತ್ತುಗಳ ಮುತ್ತು’ ಎಂಬ ಅವನ ಬಿರುದಿನಿಂದಲೇ ದುರಾನಿ ಹೆಸರು ಬಂತು.

ಮೊಮ್ಮಕ್ಕಳು ಪಟ್ಟಕ್ಕಾಗಿ ಕಿತ್ತಾಡಿದರು. 1818ರಲ್ಲಿ ವಜೀರ ಫತೇ ಖಾನನ ಕಣ್ಣು ಕೀಳಿಸಿ ಕೊಲ್ಲಿಸಿದರು. ಎಂಥ ಕ್ರೌರ್ಯ! ಅವನು ಬರಕ್ಜೈ, ಅಂದರೆ ದುರಾನಿಗಳದೇ ಇನ್ನೊಂದು ಕವಲು. ತಮ್ಮಂದಿರು ಸುಮ್ನೆ ಬಿಡ್ತಾರಾ? ಅವರಲ್ಲೊಬ್ಬ, ದೋಸ್ತ್ ಮೊಹಮ್ಮದ್, 1826ರಲ್ಲಿ ಕಾಬೂಲ್ ಹಿಡಿದ. ಹೀಗೆ ಪಟ್ಟ ಸದೋಜೈಗಳ ಕೈತಪ್ಪಿ ಬರಕ್ಜೈಗಳಿಗೆ ಹೋಯಿತು, ದುರಾನಿಗಳಲ್ಲೇ ಉಳಿಯಿತು. 1973ರಲ್ಲಿ ಪಟ್ಟ ಕಳೆದುಕೊಂಡ ಕೊನೆಯ ದೊರೆ ಜಾಹಿರ್ ಶಾ ಕೂಡ ಬರಕ್ಜೈಯೇ.