ಎಂಟೂವರೆ ವರ್ಷದ ಮಗನ ಮೇಲೆ ಪೊಲೀಸ್ ಕೇಸ್ ಆಗುತ್ತದೆಯೇ?

ಪ್ರಶ್ನೆ: ನನ್ನ ಮಗ ಗದಗಿನ ಖಾಸಗಿ ಶಾಲೆಯೊಂದರಲ್ಲಿ ಮೂರನೆಯ ತರಗತಿ ಓದುತ್ತಿದ್ದಾನೆ. ಕಳೆದ ವಾರ ಊಟದ ಬಿಡುವಿನಲ್ಲಿ ಅಡ್ಡಹೆಸರು ಹಿಡಿದು ಕಾಡಿಸುತ್ತಿದ್ದ ಸಹಪಾಠಿಯ ಮೇಲೆ ಸ್ಟೀಲಿನ ನೀರಿನ ಬಾಟಲಿ ಎಸೆದ. ಆ ಹುಡುಗನ ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಹಾಕಿದ್ದಾರೆ. ರಕ್ತ ಕಂಡು ನನ್ನ ಮಗನೇ ಅಳುತ್ತ ಟೀಚರ್ ಹತ್ತಿರ ಓಡಿಹೋಗಿ ಹೇಳಿದನಂತೆ. ಆ ಹುಡುಗನ ತಂದೆ "ಸ್ಟೇಷನ್ನಿಗೆ ಹೋಗೇ ಹೋಗ್ತೀನ್ರಿ, ಬಿಡಂಗಿಲ್ಲ" ಎನ್ನುತ್ತಿದ್ದಾರೆ. ಮುಖ್ಯೋಪಾಧ್ಯಾಯರು ಕೇಸ್ ಆಗುವ ಮೊದಲೇ ಟಿ.ಸಿ. ತೆಗೆದುಕೊಳ್ಳಿ ಎನ್ನುತ್ತಾರೆ, ಮಗನನ್ನು ಎರಡು ದಿನದಿಂದ ತರಗತಿಯ ಹೊರಗೆ ನಿಲ್ಲಿಸಿದ್ದಾರೆ. ಅಮೆರಿಕದಲ್ಲಿ ಆರು ವರ್ಷದ ಹುಡುಗಿಯ ಕೈಕಟ್ಟಿ ಪೊಲೀಸರು ಕರೆದೊಯ್ದ ವಿಡಿಯೊ ನೋಡಿದ ಮೇಲೆ ನನಗೆ ನಿದ್ದೆಯಿಲ್ಲ. ಮುಂದೆ ಇವನ ನೌಕರಿಗೆ ಅಡ್ಡಿಯಾದರೆ ಏನು ಮಾಡುವುದು?
– ಓದುಗರು, ಬೆಟಗೇರಿ

ಉತ್ತರ: ಮೊದಲಿಗೆ ಆ ವಿಡಿಯೊದ ಮಾತು. ಘಟನೆ ನಿಜ, 2019ರಲ್ಲಿ ಫ್ಲಾರಿಡಾ ರಾಜ್ಯದ ಒರ್ಲಾಂಡೊದಲ್ಲಿ ನಡೆದದ್ದು. ಮಕ್ಕಳನ್ನು ಬಂಧಿಸಲು ಕನಿಷ್ಠ ವಯಸ್ಸು ಇಷ್ಟೆಂಬ ನಿಯಮವೇ ಆಗ ಆ ರಾಜ್ಯದಲ್ಲಿ ಇರಲಿಲ್ಲ. 2021ರಲ್ಲಿ ಅವರೂ ಏಳು ವರ್ಷದೊಳಗಿನವರನ್ನು, ತೀವ್ರ ಹಿಂಸೆಯ ಅಪರಾಧಗಳ ಹೊರತು, ಬಂಧಿಸಬಾರದೆಂದು ಕಾನೂನು ಮಾಡಿಕೊಂಡರು. ಅದನ್ನು ನೋಡಿ ಗದಗಿನಲ್ಲಿ ಹೆದರಬೇಕಾದ ಕಾರಣವಿಲ್ಲ.

ನಮ್ಮಲ್ಲಿ ಏಳು ವರ್ಷದೊಳಗಿನ ಮಗು ಮಾಡಿದ್ದು ಯಾವುದೂ ಅಪರಾಧವಲ್ಲ. ಇದು 1860ರ ದಂಡ ಸಂಹಿತೆಯಲ್ಲೂ ಇತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 20ನೇ ಕಲಮಿನಲ್ಲೂ ಇದೆ. ನಿಮ್ಮ ಮಗ ಆ ಗೆರೆ ದಾಟಿರುವುದರಿಂದ ಅವನಿಗೆ 21ನೇ ಕಲಮು ಅನ್ವಯಿಸುತ್ತದೆ: ಏಳು ದಾಟಿದ, ಹನ್ನೆರಡು ತುಂಬದ ಮಗುವಿಗೆ ತಾನು ಮಾಡುತ್ತಿರುವುದರ ಸ್ವರೂಪ ಮತ್ತು ಪರಿಣಾಮವನ್ನು ಆ ಸಂದರ್ಭದಲ್ಲಿ ತೂಗಿ ನೋಡುವಷ್ಟು ತಿಳಿವಳಿಕೆ ಬಂದಿರದಿದ್ದರೆ ಅದು ಅಪರಾಧವಾಗದು. 'ಆ ಸಂದರ್ಭದಲ್ಲಿ' ಎಂಬ ಮಾತನ್ನು ಗಮನಿಸಬೇಕು. ಹುಡುಗ ಲೆಕ್ಕದಲ್ಲಿ ಚುರುಕೋ ಇಲ್ಲವೋ ಎಂಬುದನ್ನು ಕಾನೂನು ಕೇಳುವುದಿಲ್ಲ. ಬಾಟಲಿ ಕೈಬಿಟ್ಟ ಕ್ಷಣದಲ್ಲಿ ಹುಬ್ಬು ಒಡೆಯುತ್ತದೆಂದು ಅವನಿಗೆ ಹೊಳೆದಿತ್ತೇ ಎಂದು ಕೇಳುತ್ತದೆ. ಇದನ್ನು ಅಳೆಯಲು ನ್ಯಾಯಾಲಯಗಳು ಕೃತ್ಯದ ಹಿಂದುಮುಂದಿನ ನಡವಳಿಕೆಯನ್ನೂ ನೋಡುತ್ತವೆ. ಮಾಡಿದ್ದನ್ನು ಮುಚ್ಚಿಟ್ಟು ಸುಳ್ಳು ಹೇಳುವ ಮಗುವಿಗೂ, ರಕ್ತ ಕಂಡೊಡನೆ ತಾನೇ ಅಳುತ್ತ ಟೀಚರ್ ಬಳಿ ಓಡಿದ ಮಗುವಿಗೂ ಬಹಳ ಅಂತರವಿದೆ. ನಿಮ್ಮ ಪತ್ರದ ಆ ಒಂದು ವಾಕ್ಯ ಅವನ ಪರವಾಗಿಯೇ ನಿಲ್ಲುತ್ತದೆ.

ಆ ತಂದೆ ದೂರು ಕೊಟ್ಟರೆಂದೇ ಇಟ್ಟುಕೊಳ್ಳೋಣ. ಹದಿನೆಂಟರೊಳಗಿನವರಿಗೆ ಅನ್ವಯಿಸುವುದು 2015ರ ಬಾಲನ್ಯಾಯ ಕಾಯ್ದೆ. ಅದರಡಿಯ 2016ರ ಮಾದರಿ ನಿಯಮಗಳ ಪ್ರಕಾರ, ಕೃತ್ಯ ಘೋರ ಸ್ವರೂಪದ್ದಾಗಿದ್ದರೆ ಅಥವಾ ದೊಡ್ಡವರೊಡನೆ ಸೇರಿ ಮಾಡಿದ್ದಾಗಿದ್ದರೆ ಮಾತ್ರ ಮಗುವಿನ ಮೇಲೆ ಎಫ್‌ಐಆರ್ ಹಾಕಬೇಕು. ಉಳಿದಂತೆ ಠಾಣೆಯ ದಿನಚರಿಯಲ್ಲಿ ಬರೆದು, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ ಬಾಲನ್ಯಾಯ ಮಂಡಳಿಗೆ ಕಳುಹಿಸಬೇಕು. ಕೈಕೋಳ, ಲಾಕಪ್ ಎರಡೂ ನಿಷಿದ್ಧ. ಒಬ್ಬ ಮ್ಯಾಜಿಸ್ಟ್ರೇಟರು ಮತ್ತು ಇಬ್ಬರು ಸಮಾಜ ಕಾರ್ಯಕರ್ತರಿರುವ ಈ ಮಂಡಳಿಯ ಕೆಲಸ ವಿಚಾರಣೆ ಮಾಡಿ, ಬುದ್ಧಿ ಹೇಳಿಯೋ ಆಪ್ತಸಮಾಲೋಚನೆ ಕೊಡಿಸಿಯೋ ಮಗುವನ್ನು ಮನೆಗೆ ಕಳುಹಿಸುವುದು. ನೌಕರಿಯ ಚಿಂತೆಗೆ ಅದೇ ಕಾಯ್ದೆಯ 24ನೇ ಕಲಮಿನಲ್ಲಿ ಉತ್ತರವಿದೆ: ಇಂಥ ಪ್ರಕರಣದಿಂದ ಮಗುವಿಗೆ ಮುಂದೆ ಯಾವ ಅನರ್ಹತೆಯೂ ಅಂಟಿಕೊಳ್ಳದು.

ನನಗೆ ನಿಜವಾಗಿ ಚಿಂತೆಯಾದದ್ದು ಠಾಣೆಯ ಬೆದರಿಕೆಯಿಂದಲ್ಲ, ಮುಖ್ಯೋಪಾಧ್ಯಾಯರ ಸಲಹೆಯಿಂದ. ಶಿಕ್ಷಣ ಹಕ್ಕು ಕಾಯ್ದೆ, 2009ರ 16ನೇ ಕಲಮಿನ ಪ್ರಕಾರ ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಶಾಲೆಗಳಿಗೆ ಇದು ಚೆನ್ನಾಗಿ ಗೊತ್ತು. ಆದ್ದರಿಂದಲೇ ಅವು ಹೊರಹಾಕುವುದಿಲ್ಲ, 'ಸ್ವಇಚ್ಛೆಯಿಂದ ಟಿ.ಸಿ. ಕೋರುತ್ತಿದ್ದೇವೆ' ಎಂಬ ಅರ್ಜಿಗೆ ತಂದೆತಾಯಿಯಿಂದ ಸಹಿ ಹಾಕಿಸಿಕೊಳ್ಳುತ್ತವೆ. ಆ ಸಹಿ ಬಿದ್ದ ಮೇಲೆ ನಿಮ್ಮ ಪರವಾಗಿ ವಾದಿಸಲು ನನ್ನಂಥವರಿಗೂ ಹೆಚ್ಚೇನೂ ಉಳಿಯುವುದಿಲ್ಲ. ದಯವಿಟ್ಟು ಸಹಿ ಹಾಕಬೇಡಿ. ಹೊರಗೆ ನಿಲ್ಲಿಸುವುದೂ ತಪ್ಪು. ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ 17ನೇ ಕಲಮು ನಿಷೇಧಿಸಿದೆ. (ಶಾಲೆ ಅಲ್ಪಸಂಖ್ಯಾತ ಸಂಸ್ಥೆಯದಾಗಿದ್ದರೆ ಮಾತು ಬೇರೆ, 2014ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಈ ಕಾಯ್ದೆ ಅವಕ್ಕೆ ಅನ್ವಯಿಸುವುದಿಲ್ಲ.)

ಇಷ್ಟೆಲ್ಲ ಕಾನೂನು ನಿಮ್ಮ ಕಡೆಗಿದ್ದರೂ ಹೊಲಿಗೆ ಬಿದ್ದದ್ದು ಇನ್ನೊಬ್ಬರ ಮಗನ ಹುಬ್ಬಿಗೆ. ನೀವಿನ್ನೂ ಅವರ ಮನೆಗೆ ಹೋಗಿಲ್ಲವೆಂದು ಪತ್ರದಿಂದ ಊಹಿಸುತ್ತೇನೆ. ಮಗನನ್ನೂ ಕರೆದುಕೊಂಡು ಹೋಗಿ ಹುಡುಗನನ್ನು ಮಾತಾಡಿಸಿ, ಆಸ್ಪತ್ರೆಯ ಖರ್ಚನ್ನು ನೀವೇ ಕೊಡುವುದಾಗಿ ಹೇಳಿ. ನಮ್ಮ ಕಡೆ ಇಂಥ ಜಗಳಗಳು ಬಹುಪಾಲು ಹೀಗೆಯೇ ತಣ್ಣಗಾಗುತ್ತವೆ. ಮಗನಿಗೆ ಸಿಟ್ಟು ಪದೇಪದೇ ಕೈಮೀರುತ್ತಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದೊಯ್ದು ತೋರಿಸಬಹುದು.

ಶಾಲೆಯವರು ಪಟ್ಟು ಸಡಿಲಿಸದಿದ್ದರೆ ನಡೆದದ್ದನ್ನು ದಿನಾಂಕಸಹಿತ ಬರೆದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕೊಡಿ. ತುರ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಅರ್ಜಿಯ ಎರಡನೆಯ ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಅಲ್ಲಿಂದ ಹೊರಡಿ.