ಪಾರ್ಕಿನ್ಸನ್ ಗುಳಿಗೆ ಬದಲಾದ ಮೇಲೆ ಅಪ್ಪ ಆನ್‌ಲೈನ್ ರಮ್ಮಿಗೆ ಬಿದ್ದಿದ್ದಾರೆ. ಇದು ಗುಳಿಗೆಯಿಂದಲೇ ಆಗಿದ್ದಾ?

ಆಗಿರಬಹುದು. ಚೀಟಿಯಲ್ಲಿ ಪ್ರಮಿಪೆಕ್ಸೋಲ್ ಅಥವಾ ರೋಪಿನಿರೋಲ್ ಇದೆಯಾ, ಮೊದಲು ನೋಡಿ. ಪಾರ್ಕಿನ್ಸನ್‌ನಲ್ಲಿ ಡೋಪಮಿನ್ ಎಂಬ ಮಿದುಳಿನ ರಾಸಾಯನಿಕ ಕಡಿಮೆಯಾಗುತ್ತದೆ, ಅದು ಮಾಡುವ ಕೆಲಸವನ್ನು ಈ ಗುಳಿಗೆಗಳು ತಾವು ಮಾಡುತ್ತವೆ. ಬಿಗಿತ, ನಡುಕ ಇಳಿಯುತ್ತದೆ. ಆದರೆ ಕೈಕಾಲು ಆಡಿಸುವ ಭಾಗದಲ್ಲಿ ಇರುವಷ್ಟು ಕೊರತೆ ಆಸೆ, ಖುಷಿಯ ಭಾಗದಲ್ಲಿ ಇರುವುದಿಲ್ಲ. ಅಲ್ಲಿ ಗುಳಿಗೆ ಅತಿಯಾಗುತ್ತದೆ. ಗೆದ್ದ ನೂರು ರೂಪಾಯಿ ತಲೆಯಲ್ಲಿ ಕೂರುತ್ತದೆ, ಸೋತ ಸಾವಿರ ನಾಟುವುದೇ ಇಲ್ಲ.

2010ರಲ್ಲಿ ಪ್ರಕಟವಾದ ಅಮೆರಿಕ, ಕೆನಡಾದ ಅಧ್ಯಯನದಲ್ಲಿ 3,000ಕ್ಕೂ ಹೆಚ್ಚು ರೋಗಿಗಳಿದ್ದರು. ಈ ಜಾತಿಯ ಗುಳಿಗೆ ತಗೊಳ್ಳುವವರಲ್ಲಿ ಶೇ. 17ರಷ್ಟು ಜನರಿಗೆ ಇಂಥ ಚಟ ಕಂಡಿತ್ತು. ತಗೊಳ್ಳದವರಲ್ಲಿ ಶೇ. 7ರಷ್ಟು.

ನಮ್ಮ ಕಾಕಾ ಕಲಬುರಗಿ ಗಂಜ್‌ನಲ್ಲಿ ತೊಗರಿ ಅಡತಿ ಮಾಡಿದವರು. ರೂಪಾಯಿ ಲೆಕ್ಕ ತಪ್ಪಿದರೂ ನಿದ್ದೆ ಬರುತ್ತಿರಲಿಲ್ಲ. ಅಂಥವರು ಪಾರ್ಕಿನ್ಸನ್‌ಗೆ ತಗೊಳ್ಳುತ್ತಿದ್ದ ಇದೇ ಜಾತಿಯ ಗುಳಿಗೆಯ ಡೋಸ್ ಏರಿದ ಮೇಲೆ ಸೇಡಂ ರಸ್ತೆಯ ಕಡೆ ಜಾಗ ಸಹ ನೋಡದೆ ಪ್ಲಾಟ್‌ಗೆ ಅಡ್ವಾನ್ಸ್ ಕೊಟ್ಟರು. ಕೇಳಿದವರಿಗೆಲ್ಲ ಕೈಗಡ. ಮರೆವಿಲ್ಲ, ಮಾತು ಚುರುಕು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. "ವಯಸ್ಸಾದ ಮೇಲೆ ಬುದ್ಧಿ ಕೆಟ್ಟಿತು" ಅಂತ ಬೀಗರೇ ಆಡಿಕೊಂಡರು. ಕಾಕಾಗೆ ಮಾತ್ರ ತಾವು ಮಾಡುತ್ತಿರುವುದೆಲ್ಲ ಸರಿಯೇ! ಬೈದರೆ ಜಗಳ, ಅಷ್ಟೇ. ಡಾಕ್ಟರು ಆ ಗುಳಿಗೆ ಮೆಲ್ಲಗೆ ಇಳಿಸುತ್ತಾ ಪಾರ್ಕಿನ್ಸನ್‌ನದೇ ಇನ್ನೊಂದು ಔಷಧಿ ಲೆವೊಡೋಪಾ ಏರಿಸಿದರು. ನಡುಕ ಸ್ವಲ್ಪ ಜಾಸ್ತಿ ಆಯಿತು, ಪ್ಲಾಟ್ ಮಾತು ನಿಂತಿತು. ನನ್ನ ಪ್ರಕಾರ ಲಾಭದ ವ್ಯಾಪಾರವೇ.

ನೀವಾಗಿಯೇ ಗುಳಿಗೆ ಬಿಡಿಸಬೇಡಿ. ಈ ಗುಳಿಗೆ ಥಟ್ಟನೆ ನಿಂತರೆ ಗಾಬರಿ, ಬೆವರು, ವಿಪರೀತ ಬೇಸರ ಕಾಡಬಹುದು. ಲೆವೊಡೋಪಾ ಹಾಗೆ ನಿಲ್ಲಿಸಿದರೆ ಜ್ವರ, ಬಿಗಿತ ಏರಿ ಜೀವಕ್ಕೇ ಅಪಾಯ.

ನಿಮ್ಮ ಅಮ್ಮನನ್ನು ಬೇರೆ ಕೂರಿಸಿ ಕೇಳಿ. ರಾತ್ರಿ ಎದ್ದು ತಿನ್ನುವುದು, ಒಂದೇ ಸಾಮಾನು ಬಿಚ್ಚಿ ಜೋಡಿಸುತ್ತಾ ಕೂರುವುದು, ಕಾಮದ ಬಯಕೆ ಹೆಚ್ಚಾಗುವುದು ಕೂಡ ಇದರಲ್ಲೇ ಬರುತ್ತದೆ. ಕೊನೆಯದನ್ನು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಲ್ವಾ? ಡಾಕ್ಟರ್‌ಗೆ ಮಾತ್ರ ಮುಚ್ಚಿಡದೆ ಹೇಳಿ. ಅಲ್ಲಿಯವರೆಗೆ ಅಪ್ಪನ ಜೊತೆ ಮಾತಾಡಿ, ಬ್ಯಾಂಕಿನಲ್ಲಿ ಯುಪಿಐ ಮಿತಿ ಇಳಿಸಿ.